ಶಿರಾಡಿ ಹತ್ತುವಾಗ ಕುದಿಯುತ್ತಿದ್ದ ಮಾರುತಿ 800

ಗಾಡಿ: ಮಾರುತಿ 800, 1999ರ ಮಾಡೆಲ್, ಕಾರ್ಬುರೇಟರಿನದು, ಏಸಿ ಇಲ್ಲ. ಮೀಟರ್ 1 ಲಕ್ಷ 12 ಸಾವಿರ ಕಿ.ಮೀ. ತೋರಿಸುತ್ತದೆ. ನಡುವೆ ಒಂದೂವರೆ ವರ್ಷ ಮೀಟರಿನ ಕೇಬಲ್ ತುಂಡಾಗಿತ್ತು, ಹಾಗಾಗಿ ನಿಜಕ್ಕೂ ಓಡಿರುವುದು ಅದಕ್ಕಿಂತ ಜಾಸ್ತಿ.

ತೊಂದರೆ: ಊರಲ್ಲಿ ಓಡಾಡುವಾಗ ಏನೂ ಇಲ್ಲ. ಹೈವೇಯಲ್ಲೂ ಏನೂ ಇಲ್ಲ. ಘಾಟಿ ಹತ್ತುವಾಗ ಮಾತ್ರ ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಹೋಗುತ್ತದೆ.

ಗಾಡಿ ಅಪ್ಪನದು. 1999ರಲ್ಲೇ, ಹೊಸ ಗಾಡಿಯಾಗಿ ಕೊಂಡದ್ದು. ನಾವಿರುವುದು ಹಾಸನದಲ್ಲಿ, ಅಕ್ಕನನ್ನು ಕೊಟ್ಟಿರುವುದು ಪುತ್ತೂರಿನ ಕಡೆಗೆ. ಹಾಗಾಗಿ ವರ್ಷಕ್ಕೆ ನಾಲ್ಕೈದು ಸಲ ಶಿರಾಡಿ ಇಳಿಯುವುದು, ಹತ್ತುವುದು ಇದ್ದದ್ದೇ. ಇಳಿಯುವಾಗ ಯಾವ ಗಲಾಟೆಯೂ ಇಲ್ಲ. ವಾಪಸ್ ಬರುವಾಗ ಗುಂಡ್ಯ ದಾಟಿ ಏರು ಶುರುವಾಗಿ, ಗ್ಯಾಸ್ ಟ್ಯಾಂಕರ್ ಒಂದರ ಹಿಂದೆ ಎರಡನೇ ಗೇರಿನಲ್ಲಿ ಸಿಕ್ಕಿಕೊಂಡೆವೋ, ಮುಗಿಯಿತು. ಮುಳ್ಳು ಅರ್ಧ ದಾಟುತ್ತಿತ್ತು. ಅಪ್ಪ ಡ್ಯಾಶ್‌ಬೋರ್ಡಿನ ಕೆಳಗಿದ್ದ ಕರಿ ಸ್ವಿಚ್ ಒತ್ತುತ್ತಿದ್ದರು. ಮುಂದಿನಿಂದ ಗುರ್ ಎಂದು ಫ್ಯಾನಿನ ಸದ್ದು ಬರುತ್ತಿತ್ತು. ಆದರೂ ಮುಳ್ಳು ಏರುತ್ತಲೇ ಇರುತ್ತಿತ್ತು. ಘಾಟಿ ಮುಗಿಯುವ ಮಾರನಹಳ್ಳಿ ಮುಟ್ಟುವ ಮೊದಲು ಎಲ್ಲಾದರೂ ಬದಿಗೆ ಹಾಕಿ, ಬಾನೆಟ್ ಎತ್ತಿ, ಅರ್ಧ ಗಂಟೆ ಕೂರಲೇಬೇಕು. ಅಮ್ಮ ಇದನ್ನೆಲ್ಲ ಲೆಕ್ಕಕ್ಕೆ ಹಿಡಿದು ಫ್ಲಾಸ್ಕ್ ತುಂಬ ಕಾಫಿ ತುಂಬಿಸಿಕೊಂಡೇ ಹೊರಡುತ್ತಿದ್ದರು.

2024ರಲ್ಲಿ ಆರ್‌ಸಿ ನವೀಕರಿಸಬೇಕಾಯಿತು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಮಾಡಿಸಬೇಕಲ್ಲ, ಇದು ಮೂರನೇ ಸಲ. 2022ರ ಏಪ್ರಿಲ್‌ಗೆ ಮುಂಚೆ 600 ರೂಪಾಯಿ ಇದ್ದ ಶುಲ್ಕ ಆಗ 5000 ಆಗಿತ್ತು. ಚಿಕ್ಕಪ್ಪ ಸುಮ್ನಿರಲಿಲ್ಲ: "ಐದು ಸಾವಿರ ಕೊಟ್ಟು ಯಾಕೋ ಆ ಡಬ್ಬಾ ಇಟ್ಕೊಂಡಿದೀಯ? ಗುಜರಿಗೆ ಹಾಕು." ಅಪ್ಪ ಮಾತಾಡಲಿಲ್ಲ, ಪೇಪರ್ ಓದುತ್ತಿದ್ದವರು ಪುಟ ತಿರುಗಿಸಿದರು. ಅದನ್ನು ನೋಡಿ ನಾನೇ ಹೇಳಿದೆ: ದುಡ್ಡು ಕಟ್ಟೋಣ, ಆದರೆ ಈ ಕುದಿಯುವ ಕಾಯಿಲೆ ಏನು ಅಂತ ಈ ಸಲ ನಾನೇ ನೋಡ್ತೀನಿ.

ನಾನು ಮೆಕ್ಯಾನಿಕ್ ಅಲ್ಲ. ಆಯಿಲ್, ಪ್ಲಗ್, ಬ್ರೇಕ್ ಶೂ ಇಷ್ಟನ್ನು ಮನೆಯಲ್ಲೇ ಬದಲಿಸಿ ಅಭ್ಯಾಸ ಇದೆ. ಈ ಗಾಡಿಯಲ್ಲಿ ಕೈ ಹಾಕಲು ಜಾಗ ಇದೆ, ಅದೇ ದೊಡ್ಡ ಧೈರ್ಯ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣೆದುರು. 800ರ ತಯಾರಿ 2014ರ ಜನವರಿಯಲ್ಲೇ ನಿಂತಿತು. ಆದರೂ ಸಾಮಾನಿಗೆ ಬರ ಇಲ್ಲ, ಯಾಕೆಂದರೆ ಇದೇ 796 ಸಿಸಿ ಮೂರು ಸಿಲಿಂಡರಿನ ಎಂಜಿನ್ ಓಮ್ನಿಯಲ್ಲಿ 2019ರವರೆಗೆ ಬರುತ್ತಿತ್ತು. ಅಂಗಡಿಯಲ್ಲಿ "800ಗೆ" ಎಂದು ಕೇಳಿ ಇಲ್ಲ ಅಂದರೆ "ಓಮ್ನಿಗೆ" ಎಂದು ಕೇಳಿದರೆ ಸಾಕು.

ಮೊದಲ ದಿನ, ಮೊದಲ ತಪ್ಪು

ಕೂಲಿಂಗಿನ ಕೆಲಸ ಕೇಳಲು ಸರಳ. ಸುಟ್ಟ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ನೀರು ಹೊತ್ತುಕೊಂಡು ರೇಡಿಯೇಟರಿಗೆ ತಂದು ಗಾಳಿಗೆ ಬಿಡಬೇಕು. ಪಂಪು ನೀರನ್ನು ತಿರುಗಿಸುತ್ತದೆ. ಎಂಜಿನ್ ಬಿಸಿಯಾಗುವ ತನಕ ಥರ್ಮೋಸ್ಟಾಟ್ ರೇಡಿಯೇಟರಿನ ದಾರಿ ಮುಚ್ಚಿಟ್ಟಿರುತ್ತದೆ. ಮುಚ್ಚಳ ಒತ್ತಡ ಹಿಡಿದಿಡುತ್ತದೆ. ಗಾಡಿ ನಿಧಾನಕ್ಕೆ ಹೋಗುವಾಗ ಫ್ಯಾನ್ ಗಾಳಿ ಎಳೆಯುತ್ತದೆ. ಈ ನಾಲ್ಕರಲ್ಲಿ ಒಂದು ಕೈಕೊಟ್ಟಿದೆ ಎಂದುಕೊಂಡು ಶುರು ಮಾಡಿದೆ. ಎಲ್ಲ ಮುಗಿದ ಮೇಲೆ ನೋಡಿದರೆ ಮೂರು ಕೈಕೊಟ್ಟಿದ್ದವು.

ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದೆ. ತಣ್ಣಗಿರುವಾಗಲೇ ತೆಗೆಯಬೇಕು. ಹಿಂದೊಮ್ಮೆ ಘಾಟಿಯಲ್ಲಿ ಅವಸರಕ್ಕೆ ಒದ್ದೆ ಗೋಣಿ ಹಾಕಿ ತಿರುಗಿಸಿ ಮಣಿಕಟ್ಟು ಬೇಯಿಸಿಕೊಂಡವನು ನಾನು, ಕಲೆ ಇನ್ನೂ ಇದೆ. ಒಳಗಿನ ನೀರು ಹಳೇ ಕಷಾಯದ ಬಣ್ಣಕ್ಕೆ ತಿರುಗಿತ್ತು. ಕೂಲಂಟಿನ ಹಸಿರು ಎಲ್ಲೂ ಇಲ್ಲ. ಬೆರಳು ಹಾಕಿದರೆ ಬಾಯಿಯ ಒಳಗೋಡೆಯ ಮೇಲೆ ತುಕ್ಕಿನ ಕೆಸರು. ಮುಚ್ಚಳದ ಕೆಳಗಿನ ರಬ್ಬರ್ ಒಣಗಿದ ಕೊಬ್ಬರಿಯ ಹಾಗೆ ಬಿರುಕು ಬಿಟ್ಟಿತ್ತು.

ಈ ಮುಚ್ಚಳವನ್ನು ಎಲ್ಲರೂ ಸುಮ್ನೆ ಒಂದು ಮುಚ್ಚಳ ಅಂದುಕೊಳ್ಳುತ್ತಾರೆ. ಅದರ ಮೇಲೆ 0.9 ಎಂದು ಒತ್ತಿರುತ್ತದೆ. ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚಿನ ಒತ್ತಡ ಏರುವ ತನಕ ಅದು ಬಾಯಿ ಬಿಡುವುದಿಲ್ಲ. ಆ ಒತ್ತಡದಲ್ಲಿ ಬರೀ ನೀರೂ 115 ಡಿಗ್ರಿ ದಾಟಿದ ಮೇಲೆಯೇ ಕುದಿಯುವುದು. ರಬ್ಬರ್ ಹೋದರೆ ಒತ್ತಡ ನಿಲ್ಲುವುದಿಲ್ಲ, ನೀರು ನೂರಕ್ಕೇ ಕುದಿಯುತ್ತದೆ. ನಮ್ಮ ಎತ್ತರದಲ್ಲಿ ಅದೂ ಇಲ್ಲ. ಹಾಸನ ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಅಡುಗೆಮನೆಯ ಪಾತ್ರೆಯಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ.

ಆಮೇಲೆ ಥರ್ಮೋಸ್ಟಾಟ್. ರೇಡಿಯೇಟರಿನಿಂದ ಬರುವ ಮೇಲಿನ ಹೋಸ್ (ರಬ್ಬರ್ ಕೊಳವೆ) ಎಂಜಿನ್ನಿಗೆ ಸೇರುವ ಕಡೆ ಒಂದು ಸಣ್ಣ ಅಲ್ಯೂಮಿನಿಯಂ ಮುಚ್ಚಳ ಇರುತ್ತದೆ, ಅದರಡಿ ಅದರ ವಾಸ. ಬೋಲ್ಟ್ ಬಿಚ್ಚಿ ಎತ್ತಿದರೆ ಒಳಗೆ ಏನೂ ಇಲ್ಲ. ಖಾಲಿ ಗೂಡು.

ಅಪ್ಪನನ್ನು ಕೇಳಿದೆ. "ತೆಗೆಸಿದ್ದೆ ಕಣೋ. ಇದ್ರೆ ಹೀಟ್ ಆಗತ್ತೆ ಅಂದ್ರು" ಎಂದರು. ನಮ್ಮ ಕಡೆ ಇದು ಹಳೆಯ ರೂಢಿ. ಗಾಡಿ ಬಿಸಿಯಾದರೆ ಮೊದಲು ಥರ್ಮೋಸ್ಟಾಟ್ ಕಿತ್ತು ಎಸೆಯುವುದು. "ತಣ್ಣನೆ ದೇಶದ ಗಾಡಿಗಳಿಗೆ ಇಟ್ಟಿರೋದು ಸಾರ್, ನಮಗೆ ಬೇಡ" ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಹಾಗೇನಿಲ್ಲ. ಎಂಜಿನ್ ತನ್ನ ಬಿಸಿಗೆ ಬೇಗ ಬಂದು ಅಲ್ಲೇ ನಿಲ್ಲಬೇಕು. ಇಲ್ಲದಿದ್ದರೆ ಚೋಕ್ ಎಳೆದೇ ಎರಡು ಕಿ.ಮೀ. ಹೋಗಬೇಕು, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಊರಲ್ಲಿ ನಮ್ಮ ಗಾಡಿ ಯಾಕೆ ಬಿಸಿಯಾಗುತ್ತಿರಲಿಲ್ಲ ಎನ್ನುವುದೂ ಗೊತ್ತಾಯಿತು. ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಅದು ಸರಿಯಾಗಿ ಕಾಯುತ್ತಲೇ ಇರಲಿಲ್ಲ.

(ಎದುರಿನ ಪಂಗಡವೂ ಒಂದು ತಪ್ಪು ಮಾತು ಹೇಳುತ್ತದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ಜೋರಾಗಿ ಓಡಿ ರೇಡಿಯೇಟರಿನಲ್ಲಿ ತಣ್ಣಗಾಗಲು ಪುರುಸೊತ್ತೇ ಸಿಗುವುದಿಲ್ಲವಂತೆ. ನೀರು ಸುತ್ತುತ್ತಲೇ ಇರುತ್ತದೆ. ಒಂದು ಸುತ್ತಿನಲ್ಲಿ ಕಡಿಮೆ ಹೊತ್ತು ನಿಂತರೆ ಅಷ್ಟೇ ಬೇಗ ಮತ್ತೆ ಬರುತ್ತದೆ ಅಲ್ವಾ. ಅದು ಕಾರಣವೇ ಅಲ್ಲ.)

ಹೊಸ ಥರ್ಮೋಸ್ಟಾಟ್ ತಂದೆ, 82 ಎಂದು ಒತ್ತಿದ್ದು. ಹಾಕುವ ಮೊದಲು ಒಲೆಯ ಮೇಲೆ ಪರೀಕ್ಷೆ. ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಅಡುಗೆ ಥರ್ಮಾಮೀಟರ್ ತೂಗುಹಾಕಿದೆ. ಎಂಬತ್ತರ ತನಕ ಬಾಯಿ ಬಿಗಿದುಕೊಂಡೇ ಇತ್ತು. 82 ದಾಟುತ್ತಲೇ ನಡುವಿನ ತಟ್ಟೆ ಮೆಲ್ಲಗೆ, ಕಣ್ಣಿಗೆ ಕಂಡೂ ಕಾಣದ ಹಾಗೆ, ಸರಿಯಿತು. ನೀರು ಕುದಿ ಬರುವಷ್ಟರಲ್ಲಿ ಕಿರುಬೆರಳಿನ ದಪ್ಪ ತೆರೆದಿತ್ತು. ಒಳಗೆ ಇರುವುದು ಒಂದು ಗುಂಡಿ ಮೇಣ, ಅಷ್ಟೇ. ಬಿಸಿಗೆ ಕರಗಿ ಹಿಗ್ಗಿ ಕಡ್ಡಿಯನ್ನು ತಳ್ಳುತ್ತದೆ. ಎಷ್ಟು ಸಲ ನೋಡಿದರೂ ಬೇಜಾರಾಗದ ಆಟ. ಆ ಪಾತ್ರೆ ಮತ್ತೆ ಅಡುಗೆಮನೆಗೆ ವಾಪಸ್ ಹೋಗಲಿಲ್ಲ, ಅದು ಬೇರೆ ವಿಷಯ.

ಅದೇ ದಿನ ಹಳೆ ನೀರೆಲ್ಲ ಇಳಿಸಿ, ಮೂರು ಸಲ ತೊಳೆದು, ಹೊಸ ಮುಚ್ಚಳ, ಹೊಸ ಹೋಸ್, ಥರ್ಮೋಸ್ಟಾಟ್ ಹಾಕಿ, ಅರ್ಧ ಕೂಲಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ತುಂಬಿದೆ. ಥರ್ಮೋಸ್ಟಾಟಿನ ಅಂಚಿನಲ್ಲಿ ಅಲುಗಾಡುವ ಒಂದು ಪುಟ್ಟ ಪಿನ್ ಇರುತ್ತದೆ. ಅದು ಮೇಲ್ಮುಖವಾಗಿ ಕೂರಬೇಕು, ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುವುದು ಅಲ್ಲಿಂದ. ಹಳೆ ಕೂಲಂಟನ್ನು ಚರಂಡಿಗೋ ಅಂಗಳಕ್ಕೋ ಚೆಲ್ಲಬೇಡಿ. ರುಚಿ ಸಿಹಿ, ಆದರೆ ವಿಷ. ಬೀದಿ ನಾಯಿ, ಬೆಕ್ಕು ನೆಕ್ಕಿದರೆ ಉಳಿಯುವುದಿಲ್ಲ.

ತಪ್ಪು ಎಲ್ಲಿ ಅಂದರೆ, ನಾಲ್ಕು ಸಾಮಾನನ್ನು ಒಂದೇ ದಿನ ಬದಲಿಸಿದೆ. ಯಾವುದರಿಂದ ಎಷ್ಟು ಗುಣವಾಯಿತು ಎಂದು ತಿಳಿಯುವ ದಾರಿಯನ್ನು ನಾನೇ ಮುಚ್ಚಿಕೊಂಡೆ.

ಆಮೇಲೆ ಫ್ಯಾನ್ ನೋಡಿದೆ. ಸ್ವಿಚ್ ಒತ್ತಿದೆ, ತಿರುಗಿತು. ಜೋರಾಗಿಯೇ ತಿರುಗಿತು. ಫ್ಯಾನ್ ಓಕೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಮನೆ ಮುಂದೆ ನಿಲ್ಲಿಸಿ ಇಪ್ಪತ್ತು ನಿಮಿಷ ಎಂಜಿನ್ ಓಡಿಸಿದೆ. ಮುಳ್ಳು ಅರ್ಧದಲ್ಲಿ ಕೂತಿತು, ಅಲ್ಲಾಡಲಿಲ್ಲ. ಅಪ್ಪನಿಗೂ ಖುಷಿ.

ಮುಂದಿನ ಭಾನುವಾರ ಒಬ್ಬನೇ ಗುಂಡ್ಯ ತನಕ ಇಳಿದು ವಾಪಸ್ ಹತ್ತಿದೆ. ಮಾರನಹಳ್ಳಿಗೆ ಇನ್ನೂ ದೂರ ಇರುವಾಗಲೇ ಮುಳ್ಳು ಕೆಂಪು ಗೆರೆಯಲ್ಲಿತ್ತು.

"ಹೆಡ್ ಇಳಿಸ್ಬೇಕು ಸಾರ್"

ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಕೇಳಿದ ಕೂಡಲೇ ಹೇಳಿದರು: "ಹೆಡ್ ಗ್ಯಾಸ್ಕೆಟ್ ಸಾರ್. ಹೆಡ್ ಇಳಿಸ್ಬೇಕು. ಫೇಸಿಂಗ್, ಪ್ಯಾಕಿಂಗ್ ಎಲ್ಲಾ ಸೇರಿ ಹತ್ತು ಸಾವಿರ ಆಗತ್ತೆ."

ಅವರ ಮಾತಿನಲ್ಲಿ ಅರ್ಥ ಇಲ್ಲದೇ ಇಲ್ಲ. ಇದರ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳ, ಅಲ್ಯೂಮಿನಿಯಂನದು. ಅದರಡಿ ಗ್ಯಾಸ್, ನೀರು ಸೋರದ ಹಾಗೆ ಕೂರಿಸುವ ತೆಳು ಹಾಳೆಯೇ ಗ್ಯಾಸ್ಕೆಟ್. ಹತ್ತಾರು ಸಲ ಕುದಿಸಿದ ಗಾಡಿಯಲ್ಲಿ ಹೆಡ್ ಬಾಗಿ ಗ್ಯಾಸ್ಕೆಟ್ ಹೋಗುವುದು ಮಾಮೂಲು. ಗ್ಯಾಸ್ಕೆಟ್ ಹೋದರೆ ಸಿಲಿಂಡರಿನ ಬಿಸಿ ಗ್ಯಾಸ್ ನೀರಿಗೆ ನುಗ್ಗಿ ಎಂಜಿನ್ ಕುದಿಯುತ್ತದೆ. ಆದರೆ ಹೋಗಿದ್ದರೆ ಗುರುತು ಇರಬೇಕಲ್ಲ. ಬೆಳಿಗ್ಗೆ ತಣ್ಣನೆ ಎಂಜಿನ್, ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ಬಾಯಿಯೊಳಗೆ ನೋಡುತ್ತಾ ನಿಂತೆ. ಎಡೆಬಿಡದೆ ಗುಳ್ಳೆ ಬರಬೇಕಿತ್ತು, ಬರಲಿಲ್ಲ. ಆಯಿಲ್ ಮುಚ್ಚಳದಡಿ ಹಾಲು ಕಾಫಿಯಂತಹ ನೊರೆ ಇಲ್ಲ. ಸೈಲೆನ್ಸರಿನಲ್ಲಿ ಬಿಡದೆ ಬರುವ ಬಿಳಿ ಹೊಗೆ ಇಲ್ಲ. ಮೂರೂ ಪ್ಲಗ್ ಬಿಚ್ಚಿ ಸಾಲಾಗಿ ಪೇಪರಿನ ಮೇಲಿಟ್ಟೆ. ಒಂದೇ ಬಣ್ಣ, ತಿಳಿ ಕಂದು. ಯಾವುದಾದರೂ ಸಿಲಿಂಡರಿಗೆ ನೀರು ಇಳಿಯುತ್ತಿದ್ದರೆ ಅದರ ಪ್ಲಗ್ ತೊಳೆದಿಟ್ಟ ಹಾಗೆ ಇರುತ್ತಿತ್ತು. ಪಕ್ಕದ ಡಬ್ಬಿಯ ನೀರಿನ ಮಟ್ಟಕ್ಕೆ ಮಾರ್ಕರ್ ಗೆರೆ ಹಾಕಿ ವಾರ ಬಿಟ್ಟು ನೋಡಿದರೆ ಅಲ್ಲೇ ಇತ್ತು. ಹೆಡ್ ಇಳಿಸುವ ಮಾತನ್ನು ಅಲ್ಲಿಗೇ ಬಿಟ್ಟೆ.

ಉಳಿದದ್ದು ರೇಡಿಯೇಟರ್. ಆ ಕಷಾಯದ ನೀರು ನೋಡಿದಾಗಲೇ ಅದರ ಮೇಲೆ ಅನುಮಾನ ಬರಬೇಕಿತ್ತು. ದೂರದಿಂದಲೇ ಬಿಸಿ ಅಳೆಯುವ ಗನ್ ಒಂದನ್ನು ತರಿಸಿದೆ, 800 ರೂಪಾಯಿ. ಎಂಜಿನ್ ಚೆನ್ನಾಗಿ ಕಾದ ಮೇಲೆ ಎಂಜಿನ್ ಕಡೆಯಿಂದ ರೇಡಿಯೇಟರಿನ ಮೇಲೆ ಅಂಗುಲ ಅಂಗುಲಕ್ಕೆ ಹಿಡಿದೆ. ಮೇಲೆ 85. ಕೆಳಗೆ ಬರುತ್ತಾ ಸ್ವಲ್ಪ ಸ್ವಲ್ಪವೇ ಇಳಿಯಬೇಕು. ಆದರೆ ಒಂದು ಮೂಲೆಯಲ್ಲಿ, ಅಂಗೈ ಅಗಲದ ಜಾಗದಲ್ಲಿ, ಥಟ್ಟನೆ 50. ಅಲ್ಲಿ ನೀರು ಓಡುತ್ತಲೇ ಇಲ್ಲ, ಕೊಳವೆ ಕಟ್ಟಿಕೊಂಡಿದೆ.

ಕಾರಣ ನಮ್ಮ ಮನೆಯ ಬೋರ್‌ವೆಲ್. ಆ ನೀರಿನಿಂದ ಗೀಸರಿನ ಕಾಯಿಲ್ ಎರಡು ವರ್ಷ ಬಾಳುವುದಿಲ್ಲ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪಟ್ಟೆ ಕೂರುತ್ತದೆ. ಅದೇ ನೀರನ್ನು ಇಪ್ಪತ್ತು ವರ್ಷ ರೇಡಿಯೇಟರಿಗೆ ಕುಡಿಸಿದ್ದೇವೆ. ಒಳಗೆ ಇನ್ನೇನಾಗುತ್ತದೆ?

ಇದನ್ನು ನಾನು ಮನೆಯಲ್ಲಿ ಮಾಡಲಿಲ್ಲ. ಬಿಚ್ಚಿ ಅಂಗಡಿಗೆ ತೆಗೆದುಕೊಂಡು ಹೋದೆ. ನಮ್ಮದು ತಾಮ್ರ ಹಿತ್ತಾಳೆಯ ರೇಡಿಯೇಟರ್, ಬೆಸುಗೆ ಬಿಡಿಸಿ ಮೇಲಿನ ಟ್ಯಾಂಕ್ ತೆಗೆಯಬಹುದು. ಅಂಗಡಿಯ ಹುಡುಗ ಚಪ್ಪಟೆ ಕಂಬಿಯನ್ನು ಒಂದೊಂದೇ ಕೊಳವೆಗೆ ತೂರಿಸಿ ತೆಗೆಯುತ್ತಿದ್ದ. ಪ್ರತಿ ಸಲ ಕಂಬಿ ಹೊರಬಂದಾಗ ಕೆಂಪು ಬಿಳಿ ಚಕ್ಕೆ ಉದುರುತ್ತಿತ್ತು, ಗೋಡೆಯ ಹಳೆ ಸುಣ್ಣ ಕೆರೆದ ಹಾಗೆ. ಗ್ಯಾಸ್ ಟಾರ್ಚ್ ಹಿಡಿದು ಮತ್ತೆ ಬೆಸೆಯುವ ಕೈಚಳಕ ನನ್ನದಲ್ಲ. 900 ರೂಪಾಯಿ ಕೊಟ್ಟು ಬಂದೆ, ಬೇಜಾರಿಲ್ಲ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರ್ ಆಗಿದ್ದರೆ ಈ ಕೆಲಸಕ್ಕೆ ಹೋಗದೆ ಹೊಸದನ್ನೇ ಹಾಕುತ್ತಿದ್ದೆ.

ವಾಪಸ್ ಕೂರಿಸಿ ಗನ್ ಹಿಡಿದರೆ ಎಲ್ಲ ಕಡೆ ಸಮ. ಮತ್ತೆ ಶಿರಾಡಿ. ಈ ಸಲ ಮುಳ್ಳು ನಿಧಾನಕ್ಕೆ ಏರಿತು, ಹಿಂದಿಗಿಂತ ಎಷ್ಟೋ ಮೇಲಿನ ತಿರುವಿನ ತನಕ ತಡೆದುಕೊಂಡಿತು. ಆದರೂ ಏರಿತು. ಬದಿಗೆ ಹಾಕಿ ಕೆಳಗೆ ಕೆಂಪುಹೊಳೆಯ ಸದ್ದು ಕೇಳುತ್ತಾ ಕೂತೆ. ಫ್ಲಾಸ್ಕ್ ಕೂಡ ತಂದಿರಲಿಲ್ಲ.

ಮರೆತ ಸ್ವಿಚ್

ಮೂರನೇ ಸಲ ಹೋದದ್ದು ಪರೀಕ್ಷೆಗಲ್ಲ, ಅಕ್ಕನ ಮನೆಯ ಗೃಹಪ್ರವೇಶಕ್ಕೆ. ವಾಪಸ್ ಬರುವಾಗ ಅಪ್ಪ ಹಿಂದೆ ಮಲಗಿದ್ದರು. ನಾನು ಹೆಂಡತಿಯ ಜೊತೆ ಊಟದ ವಿಷಯ ಮಾತಾಡುತ್ತಾ ಹತ್ತುತ್ತಿದ್ದೆ. ಫ್ಯಾನಿನ ಸ್ವಿಚ್ ಹಾಕುವುದನ್ನು ಮರೆತೇಬಿಟ್ಟಿದ್ದೆ. ಎಷ್ಟೋ ದೂರ ಬಂದ ಮೇಲೆ ಮುಳ್ಳಿನ ಕಡೆ ಕಣ್ಣು ಹೋಯಿತು. ಅರ್ಧಕ್ಕಿಂತ ಒಂದು ಕೂದಲು ಮೇಲೆ, ಅಷ್ಟೇ. ಮಂಜು ಬಿದ್ದಿತ್ತು, ಅದಕ್ಕೇ ಇರಬೇಕು ಎಂದುಕೊಂಡೆ. "ಇರ್ಲಿ, ಸೇಫ್ಟಿಗೆ" ಎಂದು ಸ್ವಿಚ್ ಒತ್ತಿದೆ.

ಎರಡು ತಿರುವು ದಾಟುವಷ್ಟರಲ್ಲಿ ಮುಳ್ಳು ಮುಕ್ಕಾಲಿಗೆ ಬಂತು.

ಸ್ವಿಚ್ ಆರಿಸಿದೆ. ಸ್ವಲ್ಪ ಹೊತ್ತಿಗೆ ಮುಳ್ಳು ಇಳಿಯಲು ಶುರು. ಮತ್ತೆ ಹಾಕಿದೆ, ಏರಿತು. ಮತ್ತೆ ಆರಿಸಿದೆ, ಇಳಿಯಿತು. ಮಂಜು ಅಷ್ಟೂ ಹೊತ್ತು ಹಾಗೇ ಇತ್ತು. ಹೆಂಡತಿ ಕೇಳಿದಳು, "ಏನ್ರೀ ಅದು, ಲೈಟ್ ಆಡಿಸೋ ಮಕ್ಕಳ ಹಾಗೆ?" ನಾನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಫ್ಯಾನ್ ಹಾಕಿದರೆ ಬಿಸಿಯಾಗುವ ಗಾಡಿ!

ಮಾರನೇ ದಿನ ಬೆಳಿಗ್ಗೆ ಮಗಳ ಕೈಗೆ ಹಳೇ ಪೇಪರಿನ ಅರ್ಧ ಹಾಳೆ ಕೊಟ್ಟು ಗಾಡಿಯ ಮೂತಿಯ ಮುಂದೆ ಕೂರಿಸಿದೆ. ಇದರ ಫ್ಯಾನ್ ಇರುವುದು ರೇಡಿಯೇಟರಿನ ಹಿಂದೆ, ಎಂಜಿನ್ ಕಡೆಗೆ. ಮುಂದಿನ ಗಾಳಿಯನ್ನು ಜಾಲರಿಯ ಮೂಲಕ ಒಳಗೆ ಎಳೆಯುವುದು ಅದರ ಕೆಲಸ. ಹಾಳೆ ಜಾಲರಿಗೆ ಪಚ್ಚನೆ ಅಂಟಿ ನಿಲ್ಲಬೇಕು. ಸ್ವಿಚ್ ಹಾಕಿದೆ. ಹಾಳೆ ಅವಳ ಮುಖಕ್ಕೇ ಬಡಿದು, ಹಾರಿ, ತುಳಸಿಕಟ್ಟೆಯ ಹತ್ತಿರ ಬಿತ್ತು. "ಅಪ್ಪಾ, ನಿಲ್ತಾನೇ ಇಲ್ಲ ಇದು" ಎಂದಳು. ಮತ್ತೆ ಹಿಡಿಸಿದೆ. ಮತ್ತೆ ಹಾರಿತು.

ಫ್ಯಾನ್ ಉಲ್ಟಾ ತಿರುಗುತ್ತಿತ್ತು.

ಗ್ಲೋವ್ ಬಾಕ್ಸಿನಲ್ಲಿ ಅಪ್ಪನ ಉದ್ದನೆ ಪುಸ್ತಕ ಇದೆ. ಹಾಕಿಸಿದ ಪ್ರತಿ ಲೀಟರ್ ಪೆಟ್ರೋಲ್, ಮಾಡಿಸಿದ ಪ್ರತಿ ರಿಪೇರಿ, ತಾರೀಕು ಸಮೇತ ಬರೆದಿದ್ದಾರೆ. ಅದರಲ್ಲಿ 2016ರ ಒಂದು ಸಾಲು: "ಫ್ಯಾನ್ ಕೆಲಸ ಮಾಡ್ತಿಲ್ಲ. ಡೈರೆಕ್ಟ್ ಮಾಡಿಸಿದ್ದು. 350." ಅದಾಗಿ ನಾಲ್ಕು ತಿಂಗಳಿಗೆ: "ಘಾಟಿಯಲ್ಲಿ ಹೀಟ್. ಥರ್ಮೋಸ್ಟಾಟ್ ತೆಗೆಸಿದ್ದು. 100." ಅದಕ್ಕೂ ಮುಂಚಿನ ಹದಿನೇಳು ವರ್ಷದ ಪುಟಗಳಲ್ಲಿ ಹೀಟ್ ಎನ್ನುವ ಪದ ಒಂದೇ ಒಂದು ಸಲವೂ ಇಲ್ಲ. ಮೊದಲ ದಿನವೇ ಈ ಪುಸ್ತಕ ಓದಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ನಡೆದದ್ದು ಇಷ್ಟು. ಫ್ಯಾನ್ ತಾನಾಗಿಯೇ ಶುರುವಾಗಲು ಒಂದು ಥರ್ಮೋ ಸ್ವಿಚ್ ಇರುತ್ತದೆ, ನೀರು ಇಷ್ಟು ಬಿಸಿಯಾದ ಕೂಡಲೇ ಕರೆಂಟ್ ಬಿಡುವುದು. ಅದು ಕೆಟ್ಟಿತ್ತು. ಯಾರೋ ಎಲೆಕ್ಟ್ರಿಷಿಯನ್ ಅದನ್ನು ಬದಲಿಸುವ ಬದಲು ಮೋಟಾರಿನ ಕನೆಕ್ಟರ್ ಕತ್ತರಿಸಿ, ಬ್ಯಾಟರಿಯಿಂದ ಸೀದಾ ತಂತಿ ಎಳೆದು, ಡ್ಯಾಶ್‌ಬೋರ್ಡಿಗೆ ಸ್ವಿಚ್ ಕೊಟ್ಟಿದ್ದರು. ಕತ್ತರಿಸಿದ ಎರಡು ತಂತಿಗಳೂ ಧೂಳು ಎಣ್ಣೆ ಹತ್ತಿ ಒಂದೇ ಬಣ್ಣಕ್ಕೆ ತಿರುಗಿದ್ದವು. ಪ್ಲಸ್ ಹೋಗಬೇಕಾದಲ್ಲಿ ಮೈನಸ್ ಹೋಯಿತು. ಇಂತಹ ಡೀಸಿ ಮೋಟಾರಿಗೆ ತಂತಿ ಅದಲು ಬದಲಾದರೆ ನಿಲ್ಲುವುದಿಲ್ಲ, ಸುಡುವುದಿಲ್ಲ, ಸುಮ್ನೆ ಹಿಮ್ಮುಖವಾಗಿ ತಿರುಗುತ್ತದೆ. ಸದ್ದೂ ಅದೇ. ನೋಡಿದವರಿಗೆಲ್ಲ ಫ್ಯಾನ್ ತಿರುಗುವುದು ಕಂಡಿತು. ಯಾವ ಕಡೆಗೆ ಎಂದು ಯಾರೂ ನೋಡಲಿಲ್ಲ, ನಾನೂ ಸೇರಿ.

ಗಾಡಿ ನಿಂತಿರುವಾಗ ಉಲ್ಟಾ ಫ್ಯಾನೂ ಅಲ್ಪ ಸ್ವಲ್ಪ ಗಾಳಿ ಆಡಿಸುತ್ತದೆ, ಎಂಜಿನ್ ಕಡೆಯ ಗಾಳಿಯನ್ನು ಮುಂದಕ್ಕೆ ದೂಡುತ್ತದೆ. ಹೊರೆ ಇಲ್ಲದ ಎಂಜಿನ್ನಿಗೆ ಅದು ಸಾಕು. ಅದಕ್ಕೇ ನನ್ನ ಮನೆ ಮುಂದಿನ ಪರೀಕ್ಷೆ ಪಾಸಾಯಿತು. ಹೈವೇಯಲ್ಲಿ ಅಪ್ಪ ಸ್ವಿಚ್ ಹಾಕುತ್ತಲೇ ಇರಲಿಲ್ಲ. ಘಾಟಿಯಲ್ಲಿ 25, 30ರ ವೇಗ, ಎಂಜಿನ್ ಪೂರ್ತಿ ದುಡಿಯುತ್ತಿದೆ. ಮುಂದಿನಿಂದ ಬರುವ ಗಾಳಿ ಒಳಗೆ ನುಗ್ಗಲು ನೋಡುತ್ತಿದೆ, ಫ್ಯಾನ್ ಅದನ್ನೇ ಎದುರಿನಿಂದ ದೂಡುತ್ತಿದೆ. ರೇಡಿಯೇಟರಿನಲ್ಲಿ ಗಾಳಿ ನಿಂತೇಬಿಟ್ಟಿತು. ಅಪ್ಪ ಎಷ್ಟು ಬೇಗ ಹುಷಾರಾಗಿ ಸ್ವಿಚ್ ಒತ್ತುತ್ತಿದ್ದರೋ ಗಾಡಿ ಅಷ್ಟು ಬೇಗ ಕುದಿಯುತ್ತಿತ್ತು. ಎಂಟು ವರ್ಷ.

ಸರಿ ಮಾಡಿದ್ದು

ಎರಡು ತಂತಿ ಅದಲು ಬದಲು ಮಾಡಿದೆ. ಹಾಳೆ ಜಾಲರಿಗೆ ಅಂಟಿ ನಿಂತಿತು. ಖರ್ಚು ಸೊನ್ನೆ.

ಆದರೆ ಆ ವೈರಿಂಗನ್ನು ಹಾಗೇ ಬಿಡಲು ಮನಸ್ಸು ಬರಲಿಲ್ಲ. ಬ್ಯಾಟರಿಯಿಂದ ಬಂದಿದ್ದ ತಂತಿ ಇಯರ್‌ಫೋನಿನ ವೈರಿನಷ್ಟು ಸಣ್ಣದು, ನಡುವೆ ಫ್ಯೂಸೂ ಇಲ್ಲ. ಫೈರ್‌ವಾಲ್ (ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡು) ದಾಟುವ ಕಡೆ ಪ್ಲಾಸ್ಟಿಕ್ ಮೆತ್ತಗಾಗಿ ತಗಡಿಗೆ ಅಂಟಿಕೊಂಡಿತ್ತು. ಕುದಿಯುವುದಕ್ಕಿಂತ ದೊಡ್ಡ ಅಪಾಯ ಇದು. ಬೆಂಕಿ ಬೀಳಲು ಇಷ್ಟು ಸಾಕು. ಮೋಟಾರ್ ಎಷ್ಟು ಕರೆಂಟ್ ಎಳೆಯುತ್ತದೆ ನೋಡೋಣ ಎಂದು ಮಲ್ಟಿಮೀಟರನ್ನು 10 ಆಂಪಿಯರಿಗೆ ಇಟ್ಟು ಜೋಡಿಸಿದೆ. ಶುರುವಿನ ಎಳೆತಕ್ಕೇ ಮೀಟರಿನ ಫ್ಯೂಸ್ ಹೋಯಿತು. ಎರಡನೇ ಸಲ ಫ್ಯಾನ್ ತಿರುಗಲು ಬಿಟ್ಟು ಆಮೇಲೆ ಮೀಟರನ್ನು ನಡುವೆ ತಂದೆ, ಏಳರ ಆಸುಪಾಸು ತೋರಿಸಿತು.

ಬ್ಯಾಟರಿಯ ಮೈನಸ್ ಬಿಚ್ಚಿಟ್ಟು ಹಳೆಯದನ್ನೆಲ್ಲ ಕಿತ್ತೆ. ದಪ್ಪ ವೈರ್, ಬ್ಯಾಟರಿಯ ಬುಡದಲ್ಲೇ 15 ಆಂಪಿಯರ್ ಫ್ಯೂಸ್, ಒಂದು ನಾಲ್ಕು ಕಾಲಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್), ಹೊಸ ಥರ್ಮೋ ಸ್ವಿಚ್. ಥರ್ಮೋ ಸ್ವಿಚ್ಚನ್ನೂ ಅದೇ ಪಾತ್ರೆಯಲ್ಲಿ ಇಳಿಬಿಟ್ಟು ಮೀಟರಿನ ಬೀಪ್ ಹಾಕಿ ನೋಡಿದೆ. ಹೊಸದು ನೀರು ಕುದಿ ಬರುವ ಸ್ವಲ್ಪ ಮೊದಲು ಕುಂಯ್ ಎಂದಿತು. ಹಳೆಯದನ್ನು ಹಾಕಿದರೆ ನೀರು ಕುದಿದು ಬತ್ತುತ್ತಾ ಬಂದರೂ ಸದ್ದಿಲ್ಲ. 350 ರೂಪಾಯಿಯ ಸಾಮಾನು. 2016ರಲ್ಲಿ ಡೈರೆಕ್ಟ್ ಮಾಡಲು ಕೊಟ್ಟದ್ದೂ 350 ರೂಪಾಯಿಯೇ.

ಅಪ್ಪನ ಕರಿ ಸ್ವಿಚ್ಚನ್ನು ಕೀಳಲಿಲ್ಲ. ಥರ್ಮೋ ಸ್ವಿಚ್ಚಿಗೆ ಸಮಾನಾಂತರವಾಗಿ ಕೊಟ್ಟೆ. ಅದು ಮತ್ತೆ ಕೆಟ್ಟರೂ ಕೈಯಲ್ಲಿ ಫ್ಯಾನ್ ಹಾಕಬಹುದು.

ಒಟ್ಟು ಲೆಕ್ಕ: ಥರ್ಮೋಸ್ಟಾಟ್ ಮತ್ತು ಪ್ಯಾಕಿಂಗ್ 420, ಮುಚ್ಚಳ 180, ಹೋಸ್ 700, ಕೂಲಂಟ್ 640, ಡಿಸ್ಟಿಲ್ಡ್ ವಾಟರ್ 100, ರೇಡಿಯೇಟರ್ 900, ಥರ್ಮೋ ಸ್ವಿಚ್ 350, ರಿಲೇ ಫ್ಯೂಸ್ ವೈರ್ 260. ಕೂಡಿದರೆ 3550. ಬಿಸಿ ಅಳೆಯುವ ಗನ್ ಬೇರೆ, ಅದು ಈಗ ಹೆಂಡತಿಗೆ ದೋಸೆ ಹೆಂಚಿಗೂ ಬೇಕು. ಅಪ್ಪ ಇದನ್ನೆಲ್ಲ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಕೊನೆಗೆ ಒಂದು ಸಾಲು: "ಫ್ಯಾನ್ ಉಲ್ಟಾ ಇತ್ತು."

ಫ್ಯಾನೊಂದೇ ಕಾರಣ, ಉಳಿದ ಖರ್ಚು ದಂಡ ಎಂದು ಚಿಕ್ಕಪ್ಪ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಟ್ಟಿಕೊಂಡ ಕೊಳವೆ ಇವತ್ತಲ್ಲ ನಾಳೆ ಕೈಕೊಡುತ್ತಿತ್ತು, ಥರ್ಮೋಸ್ಟಾಟ್ ಹಾಕಿದ ಮೇಲೆ ಫುಲ್ ಟ್ಯಾಂಕ್ ಲೆಕ್ಕದಲ್ಲಿ ಲೀಟರಿಗೆ ಒಂದು ಕಿ.ಮೀ. ಜಾಸ್ತಿ ಬರುತ್ತಿದೆ. ಆದರೆ ಘಾಟಿಯ ಕುದಿತದಲ್ಲಿ ಯಾವುದರ ಪಾಲು ಎಷ್ಟು ಎಂದು ಅವರು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಪೇಪರ್ ಹಾಳೆಯನ್ನು ಮೊದಲು ಹಿಡಿದಿದ್ದರೆ ಇರುತ್ತಿತ್ತು.

ಏಪ್ರಿಲ್ ಬಿಸಿಲಿನಲ್ಲಿ, ನಾಲ್ಕು ಜನ, ಡಿಕ್ಕಿಯಲ್ಲಿ ಅಕ್ಕ ಕೊಟ್ಟ ತೆಂಗಿನಕಾಯಿ ಚೀಲ, ಮುಂದೆ ಎರಡು ಟ್ಯಾಂಕರ್. ಗುಂಡ್ಯದಿಂದ ಹತ್ತಿದೆವು. ಮುಳ್ಳು ಅರ್ಧದ ಆಚೆ ಈಚೆ. ಫ್ಯಾನ್ ತಾನಾಗಿಯೇ ಎರಡು ಸಲ ಹತ್ತಿಕೊಂಡು ಆರಿತು. ಮಾರನಹಳ್ಳಿ ಹತ್ತಿರ ನಿಲ್ಲಿಸಿ ಗನ್ ಹಿಡಿದರೆ ಥರ್ಮೋಸ್ಟಾಟಿನ ಮುಚ್ಚಳದ ಮೇಲೆ 91. ನಿಲ್ಲಿಸುವ ಅಗತ್ಯ ಇರಲಿಲ್ಲ, ಆದರೆ ಅಮ್ಮ ಫ್ಲಾಸ್ಕ್ ತಂದಿದ್ದರು.

ಗನ್ ಹಿಡಿಯುವಾಗ ಕಂಡದ್ದು: ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಲ್ಲಿ ಒಂದು ಹನಿ ಹಸಿರು ನೀರು ತೂಗುತ್ತಿತ್ತು. ಒಳಗಿನ ಸೀಲ್ ಹೋಗುತ್ತಿದೆ ಅಂತ ಅರ್ಥ. ಅಂಗಡಿಯಲ್ಲಿ ಕೇಳಿದ್ದೇನೆ, ಓಮ್ನಿಯದು ಇದೆಯಂತೆ.